ವಿಬಿಸ್ಕ್ರಿಪ್ಟ್ ಬಿಟ್ಟು ಪವರ್‌ಶೆಲ್‌ಗೆ: ಅಂಕಿ ತಪ್ಪದ ಹಾಗೆ ಬದಲಿಸುವುದು ಹೇಗೆ?

ಪೀಣ್ಯದ ಮೆಷಿನ್ ಶಾಪ್ ಇರಲಿ, ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿ ಇರಲಿ, ಹತ್ತಿಪ್ಪತ್ತು ಸಿಸ್ಟಮ್ ಇರುವ ಎಷ್ಟೋ ಕಡೆ ಯಾರೋ ಯಾವತ್ತೋ ಬರೆದಿಟ್ಟ ಪುಟ್ಟ ಸ್ಕ್ರಿಪ್ಟ್ ಒಂದು ಓಡುತ್ತಿರುತ್ತದೆ. ಯಾವ ಸಿಸ್ಟಮ್‌ನಲ್ಲಿ ಎಷ್ಟು ರ‍್ಯಾಮ್ ಇದೆ, ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಕೊನೆಯ ಸಲ ಯಾವಾಗ ಬೂಟ್ ಆಯಿತು ಅಂತ ಅದು ಒಂದು ಫೈಲ್‌ಗೆ ಬರೆಯುತ್ತದೆ. ಆ ಪಟ್ಟಿ ನೋಡಿಕೊಂಡೇ ಎಸ್.ಪಿ. ರೋಡ್‌ಗೆ ಹೋಗಿ ರ‍್ಯಾಮ್ ತರುತ್ತಾರೆ. ಹಾಗಾಗಿ ಅದರಲ್ಲಿರುವ ಅಂಕಿ ಸರಿ ಇರಲೇಬೇಕು.

ಇಂಥ ಸ್ಕ್ರಿಪ್ಟ್ ಮೈಕ್ರೋಸಾಫ್ಟ್‌ನ ಹಳೇ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್‌ನಲ್ಲಿದ್ದರೆ ಈಗಲೇ ಅದರ ಹೊಸ ಭಾಷೆಯಾದ ಪವರ್‌ಶೆಲ್‌ಗೆ ಬದಲಿಸುವುದು ಒಳ್ಳೆಯದು. ವಿಬಿಸ್ಕ್ರಿಪ್ಟ್ ಅನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲೇ ಹೇಳಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಬೇಕಿದ್ದರೆ ಇಟ್ಟುಕೊಳ್ಳುವ, ಬೇಡವಾದರೆ ತೆಗೆಯುವ ಫೀಚರ್ ಆಗಿದೆ. 2027ರ ಸುಮಾರಿಗೆ ಅದು ತಾನಾಗೇ ಆನ್ ಇರುವುದಿಲ್ಲ. ಅದಾದ ಮೇಲೆ ಪೂರ್ತಿ ತೆಗೆದುಹಾಕುವ ಯೋಜನೆ ಇದೆ.

ಗಾಬರಿ ಬೇಡ. ವಿಬಿಸ್ಕ್ರಿಪ್ಟ್ ಮಾಹಿತಿ ಕೇಳುತ್ತಿದ್ದದ್ದು ಸಿಸ್ಟಮ್‌ನ ವಿವರ ಕೊಡುವ, ವಿಂಡೋಸ್ ಒಳಗಿನ ಡಬ್ಲ್ಯುಎಂಐ ಅನ್ನುವ ವ್ಯವಸ್ಥೆಯನ್ನು. ಪವರ್‌ಶೆಲ್ ಕೇಳುವುದೂ ಅದನ್ನೇ. ಕೇಳುವ ಭಾಷೆ ಮಾತ್ರ ಬೇರೆ. ಆದ್ದರಿಂದ ಹಳೇ ಸ್ಕ್ರಿಪ್ಟ್‌ನ ಸಾಲು ಸಾಲನ್ನೂ ಬದಲಿಸುತ್ತಾ ಕೂರಬೇಡಿ. ಅದು ಏನೇನು ಕೇಳುತ್ತಿದೆ ಅನ್ನುವುದನ್ನು ಹಿಡಿದುಕೊಂಡು ಹೊಸದಾಗಿ ಬರೆಯಿರಿ.

ಮೊದಲ ಕೆಲಸ: ಹಳೇ ಸ್ಕ್ರಿಪ್ಟ್ ಒಮ್ಮೆ ರನ್ ಮಾಡಿ ಅದರ ಔಟ್‌ಪುಟ್ ಎತ್ತಿಟ್ಟುಕೊಳ್ಳಿ. ಹೊಸದನ್ನು ಅಳೆಯುವುದಕ್ಕೆ ನಿಮ್ಮ ಬಳಿ ಇರುವುದು ಅದೊಂದೇ. ಆಮೇಲೆ ಫೈಲ್ ತೆರೆದು 'ವಿನ್32' ಅಂತ ಶುರುವಾಗುವ ಹೆಸರುಗಳನ್ನು ಗುರುತು ಮಾಡಿ. ರ‍್ಯಾಮ್ ಮತ್ತು ಬೂಟ್ ಸಮಯ ಬರುವುದು 'ವಿನ್32_ಆಪರೇಟಿಂಗ್‌ಸಿಸ್ಟಮ್'ನಿಂದ, ಡ್ರೈವ್ ವಿವರ 'ವಿನ್32_ಲಾಜಿಕಲ್‌ಡಿಸ್ಕ್'ನಿಂದ. ಪವರ್‌ಶೆಲ್‌ನಲ್ಲಿ 'ಗೆಟ್-ಸಿಮ್‌ಇನ್‌ಸ್ಟನ್ಸ್' ಕಮಾಂಡ್‌ನ ಮುಂದೆ ಅದೇ ಹೆಸರು ಹಾಕಿದರೆ ಸಾಕು. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ.) 'ಗೆಟ್-ಡಬ್ಲ್ಯುಎಂಐಆಬ್ಜೆಕ್ಟ್' ಅನ್ನುವ ಹಳೇ ಕಮಾಂಡ್ ಕೂಡ ಅಲ್ಲಲ್ಲಿ ಕಾಣುತ್ತದೆ. ಅದು ಪವರ್‌ಶೆಲ್ 7ರಲ್ಲಿ ಇಲ್ಲ, ಬಳಸಬೇಡಿ.

ಅಂಕಿ ಕೆಡುವ ಜಾಗಗಳು

ರ‍್ಯಾಮ್ ಲೆಕ್ಕ ಕಿಲೋಬೈಟ್‌ನಲ್ಲಿ ಬರುತ್ತದೆ, ಡಿಸ್ಕ್ ಲೆಕ್ಕ ಬೈಟ್‌ನಲ್ಲಿ. ಜಿಬಿ ಬೇಕಾದರೆ ಮೊದಲನೆಯದನ್ನು 1024ರಿಂದ ಎರಡು ಸಲ ಭಾಗಿಸಬೇಕು, ಎರಡನೆಯದನ್ನು ಮೂರು ಸಲ.

ನಿಜವಾದ ತೊಂದರೆ ಬರುವುದು ಪೂರ್ಣಾಂಕ ಮಾಡುವಾಗ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಗ್ರಾಫಿಕ್ಸ್‌ಗೆ ಅಂತ ಸ್ವಲ್ಪ ಹೋಗಿ ವಿಂಡೋಸ್‌ಗೆ 7.8 ಜಿಬಿ ಕಾಣುತ್ತದೆ ಅಂದುಕೊಳ್ಳೋಣ. ವಿಬಿಸ್ಕ್ರಿಪ್ಟ್‌ನ 'ಇಂಟ್' ದಶಮಾಂಶವನ್ನು ಕತ್ತರಿಸಿ 7 ಅನ್ನುತ್ತದೆ. ಪವರ್‌ಶೆಲ್‌ನ 'ಇಂಟ್' ಹತ್ತಿರದ ಅಂಕಿಗೆ ಹೋಗಿ 8 ಅನ್ನುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಬದಲಿಸುವ ಮೊದಲಿನ ಮತ್ತು ಆಮೇಲಿನ ತಿಂಗಳ ಪಟ್ಟಿ ಪಕ್ಕ ಪಕ್ಕ ಇಟ್ಟವರಿಗೆ ಆಫೀಸಿನ ಸಿಸ್ಟಮ್‌ಗಳಿಗೆಲ್ಲ ರ‍್ಯಾಮ್ ಹಾಕಿಸಿದ ಹಾಗೆ ಕಾಣುತ್ತದೆ! ಹಳೆಯದರಲ್ಲಿ 'ಇಂಟ್' ಇದ್ದರೆ ಹೊಸದರಲ್ಲಿ ದಶಮಾಂಶ ಕತ್ತರಿಸುವ ಮ್ಯಾತ್ ಫ್ಲೋರ್ ಹಾಕಿ, ಹತ್ತಿರದ ಅಂಕಿಗೆ ಹೋಗುವ 'ಸಿಇಂಟ್' ಇದ್ದರೆ ಪವರ್‌ಶೆಲ್‌ನ 'ಇಂಟ್' ಸರಿಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಎರಡೂ ಬೇಡ, ಒಂದು ದಶಮಾಂಶ ಉಳಿಸಿಕೊಂಡು 7.8 ಅಂತಲೇ ಬರೆಯಿರಿ.

ಇನ್ನೊಂದು, ವಿಬಿಸ್ಕ್ರಿಪ್ಟ್‌ಗೆ ಡಬ್ಲ್ಯುಎಂಐ ಕೊಡುವ ದೊಡ್ಡ ಸಂಖ್ಯೆಗಳು ಅಕ್ಷರಗಳಾಗಿ ಬರುತ್ತವೆ. ಸಿ ಮತ್ತು ಡಿ ಡ್ರೈವ್‌ಗಳ ಖಾಲಿ ಜಾಗ ಕೂಡಿಸಿದರೆ 120, 80 ಸೇರಿ 200 ಆಗುವ ಬದಲು 12080 ಆಗಿಬಿಡುತ್ತದೆ. ಅದಕ್ಕೇ ಹಳೇ ಸ್ಕ್ರಿಪ್ಟ್ ತುಂಬಾ ಅಕ್ಷರವನ್ನು ಸಂಖ್ಯೆ ಮಾಡುವ 'ಸಿಡಬಲ್' ಇರುವುದು. ಪವರ್‌ಶೆಲ್‌ಗೆ ಅವು ಸಂಖ್ಯೆಯಾಗಿಯೇ ಬರುತ್ತವೆ, ಅದನ್ನೆಲ್ಲ ಧೈರ್ಯವಾಗಿ ಕೈಬಿಡಿ. ಆಫೀಸಿನಲ್ಲಿ ಲಿನಕ್ಸ್ ಸಿಸ್ಟಮ್ ಒಂದಿದ್ದು ಅದಕ್ಕೆ ಪೈಥಾನ್‌ನಲ್ಲಿ ಬರೆಯುವುದಾದರೆ ಮಾತ್ರ ಈ ಗೋಳು ಮತ್ತೆ ಬರುತ್ತದೆ. ಮೆಮೊರಿ ವಿವರ ಇರುವ ಅಲ್ಲಿನ 'ಮೆಮ್‌ಇನ್ಫೋ' ಫೈಲ್ ಬರೀ ಪಠ್ಯ. ಅಂಕಿಯನ್ನು ನೀವೇ ಸಂಖ್ಯೆ ಮಾಡಿಕೊಳ್ಳಬೇಕು. ಓದಬೇಕಾದದ್ದು 'ಮೆಮ್‌ಅವೈಲೆಬಲ್' ಸಾಲು. 'ಮೆಮ್‌ಫ್ರೀ' ನೋಡಿದರೆ ಮೆಮೊರಿ ಮುಗಿದೇ ಹೋಯಿತು ಅನ್ನಿಸುತ್ತದೆ, ಯಾಕೆಂದರೆ ಕ್ಯಾಶ್‌ಗೆ ಬಳಸಿದ್ದು ಅದರಲ್ಲಿ ಸೇರಿರುವುದಿಲ್ಲ.

ದಿನಾಂಕ ಮತ್ತು ಆ 330

ಹಳೇ ಸ್ಕ್ರಿಪ್ಟ್‌ನಲ್ಲಿ ಬೂಟ್ ಸಮಯ ಹೀಗೆ ಬರುತ್ತದೆ: 20250602091530.500000+330. ಅಂದರೆ 2025ರ ಜೂನ್ 2, ಬೆಳಿಗ್ಗೆ 9 ಗಂಟೆ 15 ನಿಮಿಷ 30 ಸೆಕೆಂಡ್. ಕೊನೆಯ 330 ನಮ್ಮ ಭಾರತದ ಸಮಯ, ಐದೂವರೆ ಗಂಟೆಯನ್ನು ನಿಮಿಷದಲ್ಲಿ ಬರೆದದ್ದು. ಇದನ್ನು 'ಮಿಡ್' ಹಾಕಿ ತುಂಡು ತುಂಡು ಮಾಡುವ ಸಾಲುಗಳು ಹಳೆಯದರಲ್ಲಿ ಇರುತ್ತವೆ. ಅವು ಯಾವುವೂ ಬೇಡ, 'ಗೆಟ್-ಸಿಮ್‌ಇನ್‌ಸ್ಟನ್ಸ್' ನೇರವಾಗಿ ದಿನಾಂಕವನ್ನೇ ಕೊಡುತ್ತದೆ. ಆದರೆ ಅದನ್ನು ಸುಮ್ನೆ ಉದ್ಧರಣ ಚಿಹ್ನೆಯೊಳಗೆ ಸೇರಿಸಿದರೆ 06/02/2025 ಅಂತ ತಿಂಗಳು ಮುಂದೆ ಬರುತ್ತದೆ. ನಮ್ಮವರು ಅದನ್ನು ಫೆಬ್ರವರಿ 6 ಅಂತ ಓದುತ್ತಾರೆ, ಅಲ್ವಾ? 'ಟುಸ್ಟ್ರಿಂಗ್' ಬಳಸಿ ದಿನ-ತಿಂಗಳು-ವರ್ಷ ಅಂತ ಕ್ರಮ ಹೇಳಿಬಿಡಿ. ತಿಂಗಳಿಗೆ ದೊಡ್ಡಕ್ಷರದ ಎಂ, ನಿಮಿಷಕ್ಕೆ ಸಣ್ಣಕ್ಷರದ ಎಂ.

ದಿನಾ ಸಂಜೆ ಶಟ್‌ಡೌನ್ ಮಾಡುವ ಸಿಸ್ಟಮ್ ಕೂಡ ವಾರದ ಹಿಂದಿನ ಬೂಟ್ ಸಮಯ ತೋರಿಸಬಹುದು. ಅದು ಸ್ಕ್ರಿಪ್ಟ್‌ನ ತಪ್ಪಲ್ಲ. ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಹಾಗೇ, ರೀಸ್ಟಾರ್ಟ್ ಮಾಡಿದಾಗಲೇ ಹೊಸ ಸಮಯ ಬರುತ್ತದೆ.

ಪಕ್ಕದ ಸಿಸ್ಟಮ್ ಕೇಳುವಾಗ

ಹಳೇ ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' (ಎರರ್ ಬಂದರೂ ಮುಂದಿನ ಸಾಲಿಗೆ ಹೋಗು) ಇದೆಯಾ ನೋಡಿ. ಇದ್ದರೆ ಹುಷಾರು. ಪಟ್ಟಿಯಲ್ಲಿ ಮೂರನೇ ಸಿಸ್ಟಮ್ ಆಫ್ ಆಗಿದ್ದರೆ ಎರರ್ ಕಾಣುವುದಿಲ್ಲ, ಎರಡನೆಯದರ ಅಂಕಿಯೇ ಮೂರನೆಯದರ ಹೆಸರಿನ ಮುಂದೆ ಕೂರಬಹುದು. ಖಾಲಿ ಸಾಲಿಗಿಂತ ಇದು ಜಾಸ್ತಿ ಅಪಾಯ, ಯಾಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಈ ಸಾಲನ್ನು ಹೊಸದಕ್ಕೆ ತರಲೇಬೇಡಿ. 'ಟ್ರೈ' ಒಳಗೆ ಕೇಳಿ, ಅಂಕಿಯನ್ನು ಅಲ್ಲೇ ಫೈಲ್‌ಗೆ ಬರೆಯಿರಿ. 'ಎರರ್‌ಆಕ್ಷನ್' ಸ್ಟಾಪ್ ಇರಲಿ. ಎರರ್ ಬಂದಾಗ ಓಡುವ 'ಕ್ಯಾಚ್' ಒಳಗೆ 'ಸಿಗಲಿಲ್ಲ' ಅಂತ ಬರೆಸಿ.

ಎಲ್ಲ ಸರಿಯಿದ್ದರೂ ಬೇರೆ ಸಿಸ್ಟಮ್ ಉತ್ತರ ಕೊಡದೇ ಇರಬಹುದು. ನೆಟ್‌ವರ್ಕ್‌ನಲ್ಲಿ ಬೇರೆ ಸಿಸ್ಟಮ್ ಕೇಳಲು ವಿಬಿಸ್ಕ್ರಿಪ್ಟ್ ಹೋಗುತ್ತಿದ್ದದ್ದು ಡಿಕಾಮ್ ಅನ್ನುವ ಹಳೇ ದಾರಿಯಲ್ಲಿ, 'ಕಂಪ್ಯೂಟರ್‌ನೇಮ್' ಕೊಟ್ಟಾಗ ಹೊಸ ಕಮಾಂಡ್ ಹೋಗುವುದು ವಿನ್‌ಆರ್‌ಎಂ ಅನ್ನುವ ಹೊಸ ದಾರಿಯಲ್ಲಿ. ಮಾಮೂಲಿ ವಿಂಡೋಸ್ 10, 11ರಲ್ಲಿ ಅದು ಆನ್ ಇರುವುದಿಲ್ಲ. ಒಂದು ಸಿಮ್ ಸೆಷನ್ (ಆ ಸಿಸ್ಟಮ್ ಜೊತೆಗಿನ ಸಂಪರ್ಕ) ಮಾಡಿ ಪ್ರೋಟೋಕಾಲ್ ಡಿಕಾಮ್ ಅಂತ ಹೇಳಿದರೆ ಹಳೇ ದಾರಿಯಲ್ಲೇ ಹೋಗುತ್ತದೆ.

ವಿಭಾಗದ ಹೆಸರು ಕನ್ನಡದಲ್ಲಿದ್ದರೆ ಸ್ಕ್ರಿಪ್ಟ್ ಫೈಲನ್ನು ಬಿಓಎಂ (ಫೈಲ್‌ನ ಶುರುವಿನಲ್ಲಿರುವ ಗುರುತು) ಸಹಿತ ಯುಟಿಎಫ್-8 ಆಗಿ ಸೇವ್ ಮಾಡಿ, ಔಟ್‌ಪುಟ್‌ಗೂ ಎನ್‌ಕೋಡಿಂಗ್ ಯುಟಿಎಫ್-8 ಕೊಡಿ. ಹಾಗೆ ಮಾಡದಿದ್ದರೆ ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 'ಗೋದಾಮು' ಬದಲು ಪ್ರಶ್ನಾರ್ಥಕ ಚಿಹ್ನೆಗಳನ್ನೋ ಅರ್ಥವಿಲ್ಲದ ಅಕ್ಷರಗಳನ್ನೋ ತೋರಿಸುತ್ತದೆ.

ಮೊದಲ ಸಲ ರನ್ ಮಾಡಿದಾಗ ಸ್ಕ್ರಿಪ್ಟ್‌ಗೆ ಅನುಮತಿ ಇಲ್ಲ ಅಂತ ಬಂದರೆ ಎಕ್ಸಿಕ್ಯೂಷನ್ ಪಾಲಿಸಿಯನ್ನು (ಯಾವ ಸ್ಕ್ರಿಪ್ಟ್ ಓಡಬಹುದು ಅನ್ನುವ ಸೆಟ್ಟಿಂಗ್) ನಿಮ್ಮ ಯೂಸರ್‌ಗೆ ಮಾತ್ರ 'ರಿಮೋಟ್‌ಸೈನ್ಡ್' ಮಾಡಿ. ಆಮೇಲೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಟಾಸ್ಕ್ ಹಾಕಿ, ಹಳೆಯದನ್ನೂ ಒಂದು ವಾರ ಓಡಲು ಬಿಡಿ. ಎರಡೂ ಬೇರೆ ಬೇರೆ ಫೈಲ್‌ಗೆ ಬರೆಯಲಿ. ಎಲ್ಲ ಸಿಸ್ಟಮ್‌ಗಳ ಅಂಕಿ ತಾಳೆಯಾದ ಮೇಲೆ ಹಳೇ ಟಾಸ್ಕ್ ಡಿಸೇಬಲ್ ಮಾಡಿ.