ಶಾಲೆಗೊಂದು ಹಾಳೆ, ಸೋಷಿಯಲ್ ವರ್ಕರ್‌ಗೊಂದು ಹಾಳೆ

ನಾನು ವಿಶೇಷ ಶಿಕ್ಷಕಿ, ಅಂದರೆ ಅಂಗವೈಕಲ್ಯ ಇರುವ ಮಕ್ಕಳಿಗೆ ಕಲಿಸುವವಳು. ಹೆತ್ತವರು ತರುವ ಫೈಲುಗಳಲ್ಲಿ ವೈದ್ಯರ ರಿಪೋರ್ಟು, ಥೆರಪಿ ರಿಪೋರ್ಟು ಎಲ್ಲ ಇರುತ್ತದೆ. ಬೆಲ್ ಹೊಡೆದಾಗ ಮಗು ಕಿವಿ ಮುಚ್ಚಿಕೊಂಡು ಡೆಸ್ಕಿನ ಕೆಳಗೆ ಕೂತರೆ ಏನು ಮಾಡಬೇಕು? ಅದು ಮಾತ್ರ ಎಲ್ಲೂ ಇರುವುದಿಲ್ಲ. ಕ್ಲಾಸ್ ಟೀಚರ್‌ಗೆ ಬೇಕಾಗಿರುವುದು ಅದೇ ಅಲ್ವಾ?

ಅದಕ್ಕೇ ಹೆತ್ತವರಿಗೆ ಎರಡು ಹಾಳೆ ನೀವೇ ಬರೆದುಕೊಡಿ ಅನ್ನುತ್ತೇನೆ: ಒಂದು ಶಾಲೆಗೆ, ಇನ್ನೊಂದು ಸೋಷಿಯಲ್ ವರ್ಕರ್‌ಗೆ. ಮೊದಲು ಒಂದು ನೋಟ್‌ಬುಕ್ ಇಡಿ. ಮಗು ರಂಪ ಮಾಡಿದ ದಿನ ಮೂರೇ ಸಾಲು ಸಾಕು: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು. ಸುಮ್ನೆ ‘ಹಟ ಮಾಡಿದ’ ಅಂತ ಬರೆಯಬೇಡಿ. ‘ಗಣಿತದ ಪುಸ್ತಕ ತೆಗೆ ಎಂದರು, ಎಸೆದ, ಹೊರಗೆ ಕಳಿಸಿದರು’ ಅಂತ ಬರೆಯಿರಿ. ಇದೇ ನಾಲ್ಕೈದು ಸಲ ಆಗಿದ್ದರೆ, ಪುಸ್ತಕ ಎಸೆದರೆ ಗಣಿತದಿಂದ ತಪ್ಪಿಸಿಕೊಳ್ಳಬಹುದು ಅಂತ ನಾವೇ ಅವನಿಗೆ ಕಲಿಸಿದ್ದೇವೆ.

ಇದರಿಂದ ಶಾಲೆಯ ಹಾಳೆ ಮಾಡಿ. ಒಂದೇ ಪುಟ. ಜಾಸ್ತಿ ಆದರೆ ಯಾರೂ ಓದುವುದಿಲ್ಲ. ನಾಳೆ ಬೆಳಿಗ್ಗೆಯೇ ಮಾಡಬಹುದಾದದ್ದನ್ನು ಬರೆಯಿರಿ. ‘ಪ್ರಶ್ನೆ ಕೇಳಿ ಹತ್ತು ಎಣಿಸುವಷ್ಟು ಕಾಯಿರಿ. ಮಧ್ಯೆ ಮಾತು ಬದಲಿಸಿ ಕೇಳಿದರೆ ಅವಳು ಮತ್ತೆ ಮೊದಲಿನಿಂದ ಯೋಚಿಸಬೇಕು.’ ‘ಹಿಯರಿಂಗ್ ಏಡ್ ಇದೆ, ಬೋರ್ಡಿನ ಕಡೆ ತಿರುಗಿ ಪಾಠ ಹೇಳಬೇಡಿ.’ ‘ಕಾಲು ನೆಲಕ್ಕೆ ತಾಗದಿದ್ದರೆ ಬೀಳದಂತೆ ಕೂರುವುದರಲ್ಲೇ ಸುಸ್ತಾಗುತ್ತಾನೆ, ಬರೆಯಲು ಆಗುವುದಿಲ್ಲ. ಕಾಲಡಿ ಗಟ್ಟಿ ಪೆಟ್ಟಿಗೆ ಇಡಿ.’ ಮಗು ಚಿತ್ರದ ಬೋರ್ಡು ಅಥವಾ ಟ್ಯಾಬ್ ತೋರಿಸಿ ಮಾತಾಡುತ್ತಿದ್ದರೆ ಶಿಕ್ಷೆ ಅಂತ ಅದನ್ನು ಕಿತ್ತುಕೊಳ್ಳಬಾರದು ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಅದು ಆ ಮಗುವಿನ ಬಾಯಿ.

ಸೋಷಿಯಲ್ ವರ್ಕರ್‌ಗೆ ಕೊಡುವ ಹಾಳೆ ಬೇರೆಯೇ. ಮಗುವಿಗೆ ಎಷ್ಟು ಸಹಾಯ ಬೇಕು ಅಂತ ಕೇಳಿ ಫಾರಂ ತುಂಬುವವರು ಅವರು. ಎಡವಟ್ಟಾಗುವುದು ಇಲ್ಲೇ. ‘ತಾನೇ ಊಟ ಮಾಡುತ್ತಾನಾ?’ ಎಂದರೆ ಅಮ್ಮ ಅಭಿಮಾನದಿಂದ ‘ಹೂಂ, ಮಾಡ್ತಾನೆ’ ಅನ್ನುತ್ತಾರೆ. ಫಾರಂನಲ್ಲಿ ‘ಸಹಾಯ ಬೇಡ’ ಅಂತ ಟಿಕ್ ಬೀಳುತ್ತದೆ. ನಿಜವಾಗಿ ನೋಡಿದರೆ ಪ್ರತಿ ತುತ್ತಿಗೂ ಪಕ್ಕದಲ್ಲಿ ಕೂತು ನೆನಪಿಸಬೇಕು, ಇಲ್ಲದಿದ್ದರೆ ಎದ್ದು ಓಡುತ್ತಾನೆ. ನೆನಪಿಸುವುದೂ ಸಹಾಯವೇ, ಕಾವಲು ಕೂರುವುದೂ ಸಹಾಯವೇ. ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ, ರಾತ್ರಿ ಯಾರು ಏಳುತ್ತಾರೆ, ಬಿಟ್ಟರೆ ಏನಾಗುತ್ತದೆ ಎಲ್ಲ ಬರೆಯಿರಿ. ಅದೇ ವಯಸ್ಸಿನ ಬೇರೆ ಮಗುವಿಗಿಂತ ಎಷ್ಟು ಜಾಸ್ತಿ ನೋಡಿಕೊಳ್ಳಬೇಕು ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುವುದು. ಆದರೆ ಈ ಹಾಳೆಯನ್ನು ಮಗುವಿನ ಎದುರು ಓದಬೇಡಿ, ದಯವಿಟ್ಟು.

ಮಗುವನ್ನೂ ಕೇಳಬೇಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ, ಅಭಿಪ್ರಾಯ ಹೇಳಲು ಮಗುವಿಗೆ ಬೇಕಾದ ನೆರವನ್ನೂ ಕೊಡಿ ಎನ್ನುತ್ತದೆ. ನಾನು ಶಾಲೆಯ ಜಾಗಗಳ ಫೋಟೋ ಕೊಟ್ಟು ಇಷ್ಟ, ಬೇಡ ಅಂತ ಎರಡು ಡಬ್ಬಿ ಇಡುತ್ತೇನೆ. ಮಾತು ಬಾರದ ಒಬ್ಬ ಹುಡುಗಿ ಟಾಯ್ಲೆಟ್ ಫೋಟೋವನ್ನು ‘ಬೇಡ’ಕ್ಕೆ ಹಾಕಿದಳು. ಜೊತೆಗೆ ಹೋಗಿ ನೋಡಿದರೆ ಕೈ ಒಣಗಿಸುವ ಮಷಿನ್ನಿನ ಸದ್ದು! ಶಾಲೆಯಲ್ಲಿ ಅವಳು ನೀರು ಕುಡಿಯದೇ ಇದ್ದದ್ದು ಅದಕ್ಕೇ. ಯಾವ ರಿಪೋರ್ಟಿನಲ್ಲೂ ಇದು ಇರಲಿಲ್ಲ.

ಈ ಹಾಳೆಗಳನ್ನು ಕೊಟ್ಟು ಶಾಲೆಯವರ ಜೊತೆಗೋ ಸೋಷಿಯಲ್ ವರ್ಕರ್ ಜೊತೆಗೋ ಮಾತಾಡುವ ಮೀಟಿಂಗ್ ಮುಗಿದು ಏಳುವ ಮುಂಚೆ ಯಾರು, ಏನನ್ನು, ಯಾವ ತಾರೀಕಿನೊಳಗೆ ಮಾಡುತ್ತಾರೆ ಅಂತ ಬರೆದುಕೊಳ್ಳಿ. ‘ನೋಡೋಣ’ ಅಂದರೆ ತಾರೀಕು ಕೇಳಿ. ಅವತ್ತೇ ಎಲ್ಲರಿಗೂ ಕಳಿಸಿ. ಟೀಚರ್ ಬದಲಾದಾಗ ಎರಡೂ ಹಾಳೆ ತಿದ್ದಿ, ಮೇಲೆ ಹೊಸ ತಾರೀಕು ಹಾಕಿ.