ಓಎಚ್‌ಪಿ ಶೀಟಲ್ಲಿ ಬರೆದ ಸರಿಗಮ ಕೊನೆಗೂ ಹಾಡ್ತು

"ಕಂಪ್ಯೂಟರಲ್ಲಿ ಐದು ನಿಮಿಷದ ಕೆಲಸ ಕಣೋ, ಯಾಕೆ ದುಡ್ಡು ಹಾಳು ಮಾಡ್ತೀಯ" ಅಂತಿದ್ದ ಗೆಳೆಯ ಹೋದ ಭಾನುವಾರ ಮನೆಗೆ ಬಂದು ನಾನು ಕಟ್ಟಿದ, ಬೆಳಕಿಂದ ಹಾಡೋ ಡಿಸ್ಕ್ ಮುಂದೆಯಿಂದ ಏಳ್ಲೇ ಇಲ್ಲ, ಕಾಫಿ ಆರಿ ತಣ್ಣಗಾಯ್ತು. ಅದಕ್ಕೇ ಬರೀತಿದೀನಿ. ವಿಷಯ ಇಷ್ಟೇ: ಪಾರದರ್ಶಕ ಓಎಚ್‌ಪಿ ಶೀಟಲ್ಲಿ ಕಪ್ಪು ಹಲ್ಲುಗಳ ಉಂಗುರ ಪ್ರಿಂಟ್ ಮಾಡಿ, ಆ ಡಿಸ್ಕನ್ನ ಎಲ್‌ಇಡಿಗೂ ಬೆಳಕು ಹಿಡಿಯೋ ಸೆನ್ಸರ್‌ಗೂ ನಡುವೆ ತಿರುಗಿಸಿದ್ರೆ ಬೆಳಕು ಕಡಿದು ಕಡಿದು ಬೀಳತ್ತೆ, ಆ ಮಿನುಗೇ ಸ್ಪೀಕರಲ್ಲಿ ಸ್ವರ.

ಶುರುವಲ್ಲಿ ಎಲ್ಲರ ಹಾಗೆ ಸೆನ್ಸರ್ ಅಂತ ಎಲ್‌ಡಿಆರ್ (ಬೆಳಕು ಬಿದ್ರೆ ರೆಸಿಸ್ಟೆನ್ಸ್ ಬದಲಾಗೋ ಬಿಡಿಭಾಗ) ಹಾಕಿ ಕೆಟ್ಟೆ. ಅದು ಶುದ್ಧ ಸೋಮಾರಿ, ಸ್ವರ ಮೇಲೆ ಹೋದ್ರೆ ದನಿಯೇ ಬಿದ್ದೋಗತ್ತೆ. ಬೆಂಗಳೂರಿನ ಎಸ್‌ಪಿ ರೋಡಿಂದ ಬಿಪಿಡಬ್ಲ್ಯೂ34 ಅನ್ನೋ ಚುರುಕು ಫೋಟೋಡಯೋಡ್ ಎಂಟು ತಂದು ಪ್ಯಾರಲಲ್ ಹಾಕ್ದೆ, ನಾನೂರು ಚಿಲ್ಲರೆ ಆಯ್ತು, ಹಿಂದೆ ಸಿಗ್ನಲ್ ಹಿಗ್ಗಿಸೋಕೆ ಟಿಎಲ್072 ಚಿಪ್. ಈಗ ಗುಂಯ್ ಅಂತ ಒಂದೇ ಸಮ. ಗ್ರೌಂಡ್ ಸರಿಯಿಲ್ಲ ಅಂದ್ಕೊಂಡು ಎರಡು ದಿನ ಬೆಸುಗೆ ಬಿಚ್ಚಿ ಹಾಕಿದ್ದೇ ಬಂತು. ಸಂಜೆ ಕರೆಂಟ್ ಹೋಯ್ತು ನೋಡಿ, ಸರ್ಕ್ಯೂಟ್ ಬ್ಯಾಟರಿ ಮೇಲಿತ್ತು, ಗುಂಯ್ ಮಾತ್ರ ಮಾಯ! ತಲೆ ಮೇಲಿನ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗೋದನ್ನ ನಾನು ಕೇಳಿಸ್ಕೋತಾ ಕೂತಿದ್ದೆ.

ಡಿಸ್ಕಲ್ಲಿ ಎಂಟು ಉಂಗುರ, ಹಲ್ಲುಗಳು 24, 27, 30, 32, 36, 40, 45, 48. ಸೆಕೆಂಡಿಗೆ ಹತ್ತು ಸುತ್ತು ತಿರುಗಿಸಿದ್ರೆ ಷಡ್ಜ ಸೆಕೆಂಡಿಗೆ 240 ಕಂಪನ (ಹರ್ಟ್ಜ್), ಶಂಕರಾಭರಣದ ಸ್ವರಗಳು ತಾವಾಗೇ ಶ್ರುತಿಯಲ್ಲಿ ಕೂರ್ತವೆ, ಸ್ಪೀಡ್ ಏರಿಸಿದ್ರೆ ಶ್ರುತಿ ಏರತ್ತೆ ಅಷ್ಟೇ. ಮೋಟರ್ ಹಳೇ ಟೇಪ್‌ರೆಕಾರ್ಡರ್‌ದು, ರಬ್ಬರ್ ಬೆಲ್ಟ್ ಹಾಕಿ ಸ್ಪೀಡ್ ಇಳಿಸ್ಕೊಂಡೆ. ಗೇರ್ ಮೋಟರ್ ಮೂರು ತಗೊಂಡು ಮೂರೂ ದಂಡ, ಹಿಟ್ಟಿನ ಗಿರಣಿ ಥರ ಸದ್ದು. ಲೇಸರ್ ಪ್ರಿಂಟ್‌ನ ಕಪ್ಪಲ್ಲೂ ಬೆಳಕು ಸೋರತ್ತೆ, ಎರಡು ಶೀಟ್ ಒಂದರ ಮೇಲೊಂದು ಇಡ್ಬೇಕು, ನಡುವಿನ ತೂತು ಕೂದಲೆಳೆ ಜರುಗಿದ್ರೂ ಸ್ವರ ಅಳತ್ತೆ. ಒಟ್ಟು ನಾಲ್ಕು ಸಾವಿರದ ಹತ್ರ ಹೋಗಿರಬೇಕು.

ಚೌಕ ಹಲ್ಲು ಕರ್ಕಶ, ಅದಕ್ಕೆ ಮಾರ್ಕರಲ್ಲಿ ಇಳಿಜಾರು ತಿದ್ದಿದೆ, ಪಂಚಮ ಈಗ ಕೊಳಲಿಗೆ ಹತ್ರ. ಬೆಳಕು ಹಾಯೋ ಸೀಳಿನ ಅಗಲ ಹೇಳಲ್ಲ, ಸ್ವರ ನುಡಿಸೋಕೆ ಎಲ್‌ಇಡಿ ಬಟನ್ ಒತ್ತಿದಾಗ ಟಪ್ ಅನ್ನದ ಹಾಗೆ ಹಾಕಿರೋ ಕೆಪಾಸಿಟರ್‌ದೂ ಹೇಳಲ್ಲ, ಮೂರು ವಾರ ತಿಂದಿದೆ ಅದು.

ಮಾಸ್ಕೋದ ಇಂಜಿನಿಯರ್ ಮುರ್ಜಿನ್ ತನ್ನ ಎಎನ್‌ಎಸ್ ಅನ್ನೋ ಬೆಳಕಿನ ಸಿಂಥಸೈಜರ್‌ಗೆ ಐದು ಗಾಜಿನ ಡಿಸ್ಕಲ್ಲಿ 720 ಸ್ವರ ತುಂಬಿದ್ದ, ನಂದು ಎಂಟು, ಆದ್ರೆ ಅಡುಗೆಮನೆ ಟೇಬಲ್ ಮೇಲೆ! ನಮ್ಮನೆಯವಳು ಡಿಸ್ಕಿಗೆ ಅಂತ ಎಂಟೆಸಳಿನ ರಂಗೋಲಿ ಬರೆದುಕೊಟ್ಲು, ಸೆಕೆಂಡಿಗೆ ಹತ್ತು ಸುತ್ತಿಗೆ ಬರೀ 80 ಹರ್ಟ್ಜ್, ಮೋಟರ್‌ಬೈಕ್ ಐಡ್ಲಿಂಗ್ ಥರ. ಸೆನ್ಸರ್‌ಗೆ ಟಿವಿ ರಿಮೋಟ್ ತೋರಿಸಿ ಒತ್ತಿದ್ರೆ ಟರ್‌ಟರ್ ಅನ್ನತ್ತೆ, ಮಗ ಈಗ ಅದನ್ನೇ ಮೃದಂಗ ಅಂತ ಹಿಡ್ಕೊಂಡಿದಾನೆ, ಚಾನೆಲ್ ಬದಲಾಯ್ಸೋಕೆ ರಿಮೋಟೇ ಸಿಗ್ತಿಲ್ಲ.