ನಾನು ಕೆಡಿಸಿದ ವಾಲಿ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಪುತ್ತೂರಿನ ಕಡೆ ತಾಳಮದ್ದಳೆಯ ಕಾಲ. ಹೊರಗೆ ಮಳೆ, ಒಳಗೆ ಭಾಗವತರ ಪದ್ಯ, ಚೆಂಡೆ ಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದು ಕೂತಲ್ಲೇ, ಬರೀ ಮಾತಿನಲ್ಲಿ ರಾಮನೋ ರಾವಣನೋ ಆಗಬೇಕು. ಪದ್ಯ ಪ್ರಸಂಗದ ಪುಸ್ತಕದ್ದು, ಮಾತು ನಮ್ಮದು. ಹಗಲು ಅಡಿಕೆಗೆ ಮದ್ದು ಬಿಡಿಸುವ ಗಡಿಬಿಡಿ, ಸಂಜೆಯಾದರೆ ಕೂಟ. ನಾನು ಹವ್ಯಾಸಿ ಅರ್ಥಧಾರಿ, ಅಂದರೆ ಹೀಗೆ ಕೂತು ಪಾತ್ರದ ಮಾತು ಹೇಳುವವನು.

ಮೊದಲ ಸಲ ವಾಲಿಯ ಅರ್ಥ ಹೇಳಲು ಕರೆ ಬಂದಾಗ ಒಂದು ವಾರ ನಿದ್ದೆ ಇಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರು ನಾವು. ಆ ಜಾಗದಲ್ಲಿ ಕೂತು ಏನು ಹೇಳುವುದು? ಒಂದು ನೋಟ್‌ಬುಕ್ ತಂದು ವಾಲಿಯ ಪರವಾಗಿ ವಕಾಲತ್ತು ಬರೆಯುತ್ತಾ ಹೋದೆ. ಅಣ್ಣ ರಾಕ್ಷಸನನ್ನು ಬೆನ್ನಟ್ಟಿ ಗುಹೆಗೆ ಹೊಕ್ಕರೆ, ಅದರ ಬಾಯಿಗೆ ಬಂಡೆ ಮುಚ್ಚಿ ಹೋದವನು ತಮ್ಮ ಸುಗ್ರೀವ. ಒಂದು ವರ್ಷ ಕಾದೆ ಅನ್ನುತ್ತಾನೆ, ಒಳಗೆ ಇಣುಕಿಯಾದರೂ ನೋಡಿದನಾ? ರಕ್ತ ಹರಿದದ್ದು ಅಣ್ಣನದೇ ಅಂತ ಹೇಗೆ ಗೊತ್ತಾಯಿತು? ಇಲ್ಲಿವರೆಗೆ ಸರಿಯೇ ಇತ್ತು. ತೊಡಕು ಬಂದದ್ದು ರುಮೆಯಲ್ಲಿ. ತಮ್ಮನನ್ನು ಓಡಿಸಿ ಅವನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಏನು ಹೇಳಲಿ? ನಾನು ಒಂದು ಉಪಾಯ ಹೂಡಿದೆ. ‘ಗಂಡ ಬಿಟ್ಟು ಓಡಿದ. ದಿಕ್ಕಿಲ್ಲದವಳಿಗೆ ಆಸರೆ ಕೊಟ್ಟೆ. ಆಸರೆ ಕೊಡುವುದು ನಿನ್ನ ಧರ್ಮದಲ್ಲಿ ತಪ್ಪೇ, ರಾಮಾ?’

ಚಪ್ಪಾಳೆಯೋ ಚಪ್ಪಾಳೆ. ಆ ದಿನ ರಾಮನಾಗಿ ಕೂತವರು ನನಗೆ ಶಾಲೆಯಲ್ಲಿ ಪಾಠ ಹೇಳಿದ ಮಾಷ್ಟ್ರು. ಅವರು ಎರಡು ಮಾತು ಹೇಳಿ ಸುಮ್ಮನಾದರು. ಗೆದ್ದೆ ಅಂದುಕೊಂಡೆ.

ಊಟಕ್ಕೆ ಕೂತಾಗ ಪಕ್ಕದಲ್ಲೇ ಮಾಷ್ಟ್ರು. ಸಾರು ಕಲಸುತ್ತಾ ಕೇಳಿದರು, ‘ಎಲ್ಲ ಆಯ್ತು, ವಾಲಿ ಎಲ್ಲಿ ಹೋದ ಮಾರಾಯ?’

ನನಗೆ ಅರ್ಥವಾಗಲಿಲ್ಲ.

‘ತಪ್ಪೇ ಮಾಡದವನನ್ನು ಒಬ್ಬ ಮರೆಯಲ್ಲಿ ನಿಂತು ಕೊಂದ ಅಂದ್ಮೇಲೆ ಯೋಚನೆ ಮಾಡ್ಲಿಕ್ಕೆ ಏನುಂಟು? ರಾಮ ಕಳ್ಳ, ಮುಗೀತು. ಮೊದಲು ವಾಲಿ ಕೆಟ್ಟವ ಆಗಿದ್ದ, ನೀನು ಆ ಬೋರ್ಡು ತೆಗೆದು ರಾಮನ ಕುತ್ತಿಗೆಗೆ ಹಾಕಿದೆ. ಅಷ್ಟೇ ಅಲ್ವಾ?’

ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅವರು ಹೇಳಿದ್ದು ನಿಜ. ಟಿವಿ ಧಾರಾವಾಹಿಗಳಲ್ಲಿ ಖಳನಾಯಕಿಗೆ ಕೊನೆಯಲ್ಲಿ ಒಂದು ಕಷ್ಟದ ಬಾಲ್ಯ ತೋರಿಸಿ ಎಲ್ಲ ಕ್ಷಮಿಸಿಬಿಡುತ್ತಾರಲ್ಲ, ನೋಡಿ ನಗುತ್ತಿದ್ದೆ. ನಾನು ಮಾಡಿದ್ದೂ ಅದೇ. ಕಾರಣ ಹೇಳುವುದು ಬೇರೆ, ಖುಲಾಸೆ ಮಾಡುವುದು ಬೇರೆ.

ಮರುವರ್ಷ ಇನ್ನೊಂದು ಬದಿಗೆ ಬಿದ್ದೆ. ಇಬ್ಬರದೂ ತಪ್ಪುಂಟು, ಇಬ್ಬರದೂ ಸರಿಯುಂಟು ಅಂತ ಸಮತೂಕದ ವಾಲಿ. ಎದೆಗೆ ಬಾಣ ನಾಟಿಸಿಕೊಂಡು ಬಿದ್ದವನು ಪಂಚಾತಿಕೆಗೆ ಬಂದ ಊರ ಗುರಿಕಾರನ ಹಾಗೆ ಮಾತಾಡಿದ. ಮುಂದಿನ ಸಾಲಿನ ಅಜ್ಜ ನಿದ್ದೆ ಹೋದರು. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದು ಏನೂ ಇಲ್ಲ.

ಆಮೇಲೆ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡವನ್ನು ಕನ್ನಡ ತಾತ್ಪರ್ಯದ ಜೊತೆ ಇಟ್ಟುಕೊಂಡು ಕೂತೆ. ಈ ಸಲ ವಾಲಿಗೆ ನೆಪ ಹುಡುಕಲಿಕ್ಕಲ್ಲ, ಏನು ನಡೆಯಿತು ಅಂತ ನೋಡಲಿಕ್ಕೆ. ಅಲ್ಲಿ ವಾಲಿ ರಾಮನನ್ನು ಚೆನ್ನಾಗಿಯೇ ಝಾಡಿಸುತ್ತಾನೆ. ನನ್ನ ಹತ್ತಿರ ಬಂದಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದು ಕೊಡುತ್ತಿದ್ದೆ ಅನ್ನುತ್ತಾನೆ. ಆದರೆ ರಾಮ ರುಮೆಯ ಮಾತು ಎತ್ತಿದಾಗ ಆ ಆರೋಪವನ್ನು ಅಲ್ಲಗಳೆಯುವುದಿಲ್ಲ. ನಾನು ಕೊಡಿಸಿದ ಆಸರೆಯ ಕಥೆ ಅವನ ಬಾಯಲ್ಲಿ ಇಲ್ಲವೇ ಇಲ್ಲ.

ಇನ್ನೂ ಮುಂದೆ ಓದುವಾಗ ಒಂದು ಕಡೆ ಕೈ ನಿಂತಿತು. ವಾಲಿ ಸತ್ತು ಎಷ್ಟೋ ಸಮಯದ ಮೇಲೆ ಸುಗ್ರೀವ ರಾಮನಿಗೆ ಹಳೆಯದನ್ನು ಹೇಳುತ್ತಾನೆ. ಅಣ್ಣ ಗುಹೆಯಲ್ಲಿ ಸತ್ತನೆಂದು ತಿಳಿದು ಊರಿಗೆ ಬಂದಾಗ ತನಗೆ ರಾಜ್ಯ ಸಿಕ್ಕಿತು, ರುಮೆಯ ಜೊತೆಗೆ ತಾರೆಯೂ ಸಿಕ್ಕಿದಳು ಅಂತ. ಅಂದರೆ ಅಣ್ಣನ ಹೆಂಡತಿಯನ್ನು ತಮ್ಮ ಮೊದಲೇ ಇಟ್ಟುಕೊಂಡಿದ್ದ! ಇಬ್ಬರೂ ಮಾಡಿದ್ದು ಒಂದೇ ಕೆಲಸ. ಹಾಗಾದರೆ ರಾಮನ ಬಾಣಕ್ಕೆ ಏನು ಲೆಕ್ಕ? ಹಿಂದಕ್ಕೆ ಹೋಗಿ ರಾಮನ ಮಾತನ್ನು ಮತ್ತೆ ಓದಿದೆ. ಸುಗ್ರೀವ ಬದುಕಿರುವಾಗಲೇ ನೀನು ರುಮೆಯನ್ನು ಕೂಡಿದೆ ಅನ್ನುತ್ತಾನೆ ರಾಮ. ‘ಬದುಕಿರುವಾಗಲೇ’. ಇಷ್ಟು ಸಲ ಓದಿದ್ದರೂ ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಳೆಯ ನೋಟ್‌ಬುಕ್ ತೆಗೆದು ರುಮೆಯ ಬಗ್ಗೆ ಬರೆದ ಮೂರು ಪುಟಕ್ಕೂ ಗೀಟು ಎಳೆದೆ. ರಾಮನಿಗೆ ಹಾಕುವ ಪ್ರಶ್ನೆಗಳಲ್ಲಿ ಒಂದನ್ನೂ ಬಿಡಲಿಲ್ಲ. ಇನ್ನೊಂದು ಕಟ್ಟು ನಾನೇ ಹಾಕಿಕೊಂಡೆ: ರಾಮ ಕೇಳಿದ್ದಕ್ಕೆ ಉತ್ತರ ಇಲ್ಲದಿದ್ದರೆ ವಾಲಿ ಮಾತು ತಿರುಗಿಸಬಾರದು. ಇದು ಹೇಳಿದಷ್ಟು ಸುಲಭ ಅಲ್ಲ. ಮಾತು ತಿರುಗಿಸುವುದೇ ತಾಳಮದ್ದಳೆಯವರ ಅರ್ಧ ಬಂಡವಾಳ.

ಮೂರನೆಯ ಕೂಟದಲ್ಲೂ ರಾಮ ಮಾಷ್ಟ್ರೇ. ಬಾಣ ಬಿತ್ತು, ನನ್ನ ಪ್ರಶ್ನೆಗಳೆಲ್ಲ ಮುಗಿದವು. ಅವರು ನಿಧಾನವಾಗಿ, ‘ರುಮೆ ನಿನಗೆ ಏನಾಗಬೇಕು, ವಾಲಿ?’ ಅಂದರು. ನಾನು ಮಾತಾಡಲಿಲ್ಲ. ಕೂಟದಲ್ಲಿ ಅರ್ಥಧಾರಿ ಸುಮ್ಮನಾದರೆ ಮರೆತ ಅಂತಲೇ ಲೆಕ್ಕ. ಭಾಗವತರು ಮುಂದಿನ ಪದ್ಯ ಎತ್ತಲೋ ಅನ್ನುವ ಹಾಗೆ ನನ್ನ ಮುಖ ನೋಡಿದರು. ಬೇಡ ಅಂತ ಕಣ್ಣಲ್ಲೇ ಹೇಳಿದೆ.

‘ಅವನೂ ನನ್ನ ತಾರೆಯನ್ನು ಇಟ್ಟುಕೊಂಡಿದ್ದ, ರಾಮಾ. ಆದರೆ ಅವನು ನಾನು ಸತ್ತೆನೆಂದು ತಿಳಿದು ಮಾಡಿದ. ನಾನು ಅವನು ಬದುಕಿದ್ದಾನೆಂದು ತಿಳಿದೇ ಮಾಡಿದೆ. ಅವನಿಗೆ ಉರಿಯಲಿ ಅಂತ ಮಾಡಿದೆ. ಇದು ನನ್ನದು. ಇನ್ನು ನಿನ್ನದು ಹೇಳು. ಇಷ್ಟು ದೊಡ್ಡ ತಪ್ಪು ಮಾಡಿದವನ ಎದುರು ನಿಲ್ಲಲಿಕ್ಕೆ ನಿನಗೆ ಏನು ಅಡ್ಡಿಯಾಗಿತ್ತು?’

ಚಪ್ಪಾಳೆ ಬರಲಿಲ್ಲ. ಮಾಡಿನ ಶೀಟಿನ ಮೇಲೆ ಮಳೆಯ ಸದ್ದು ಮಾತ್ರ. ಮಾಷ್ಟ್ರು ಶಾಲು ಸರಿಮಾಡಿಕೊಂಡರು. ಮರೆಯಲ್ಲಿ ನಿಂತು ಮೃಗವನ್ನು ಹೊಡೆಯಬಹುದು ಅನ್ನುವ ಸಮರ್ಥನೆ ಅವರಿಗೆ ಬಾಯಿಪಾಠ, ಅರ್ಧ ಗಂಟೆ ಎಳೆಯಬಲ್ಲರು. ಆ ದಿನ ನಾಲ್ಕೇ ವಾಕ್ಯದಲ್ಲಿ ಮುಗಿಸಿದರು, ಅದೂ ನನ್ನ ಮುಖ ನೋಡದೆ.

ಕೊನೆಗೆ ಮಾಲೆಯ ಸಂದರ್ಭ. ಇಂದ್ರ ಕೊಟ್ಟ ಚಿನ್ನದ ಮಾಲೆಯನ್ನು ವಾಲಿ ಪ್ರಾಣ ಇರುವಾಗಲೇ ತೆಗೆದು ಸುಗ್ರೀವನಿಗೆ ಕೊಡುತ್ತಾನೆ. ಸತ್ತ ಮೇಲೆ ಅದರ ಕಳೆ ಹೋಗಿಬಿಡುತ್ತದೆ. ಮುಂಚಿನ ಎರಡು ಸಲ ಇಲ್ಲಿ ಅಣ್ಣತಮ್ಮಂದಿರ ಪ್ರೀತಿ ಅಂತ ಹತ್ತು ನಿಮಿಷ ಕೊರೆದಿದ್ದೆ. ಈ ಸಲ ‘ಬೇಗ ತಗೋ ತಮ್ಮಾ’ ಅಂದೆ, ಅಷ್ಟೇ.

ಕಾಫಿ ಕುಡಿಯುವಾಗ ಮಾಷ್ಟ್ರು ಹೊಗಳಲಿಲ್ಲ. ‘ನನ್ನ ಒಳ್ಳೇ ಉತ್ತರ ಒಂದು ಹಾಳು ಮಾಡಿದೆ ಮಾರಾಯ’ ಅಂದರು. ಲೋಟ ಕೆಳಗಿಟ್ಟು, ‘ಮುಂದಿನ ವರ್ಷ ನಾನು ವಾಲಿ, ನೀನು ರಾಮ’ ಅಂತ ಹೇಳಿ ಕೊಡೆ ಬಿಡಿಸಿಕೊಂಡು ಹೊರಟರು.

ಈಗ ಹೊಸ ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ‘ಮರೆಯಲ್ಲಿ ಯಾಕೆ ನಿಂತೆ?’ ಅಂತ ಬರೆದಿದ್ದೇನೆ. ಅದರ ಕೆಳಗೆ ಮೂರು ಉತ್ತರ ಬರೆದು ಮೂರನ್ನೂ ಹೊಡೆದು ಹಾಕಿದ್ದಾಗಿದೆ.